ಧ್ರುವಕ್ಕೆ ಹೊರಟ ಕೋಟು

ನನ್ನ ಗಂಡ ಡಾಕ್ಟರ್ ಚಿದಾನಂದ ಅವರು ಉತ್ತರ ಧ್ರುವದ ಹತ್ತಿರದ ಸ್ವಾಲ್ಬಾರ್ಡಿಗೆ ಹೊರಟ ಸುದ್ದಿ ನೈರೋಬಿಯ ಪಾರ್ಕ್‌ಲ್ಯಾಂಡ್ಸ್‌ನ ಕನ್ನಡದವರಿಗೆಲ್ಲ ತಿಳಿದದ್ದು ಅವರ ಬಾಯಿಂದಲೇ. ಆಸ್ಪತ್ರೆಯಲ್ಲಿ ಜೊತೆಗಿದ್ದ ನಾರ್ವೆಯ ಡಾಕ್ಟರೊಬ್ಬ ಒಂದು ಸಂಜೆ ನಲವತ್ತು ಸ್ಲೈಡ್ ತೋರಿಸಿದ್ದೇ ತಡ, ಇವರು ಧ್ರುವಪ್ರದೇಶದ ಪಂಡಿತರಾಗಿಬಿಟ್ಟರು. ೧೯೯೩ರ ಜುಲೈಗೆ ಹಡಗಿನಲ್ಲಿ ಜಾಗ ಕಾದಿರಿಸಿದರು. ಒಂದೇ ಜಾಗ. ಆಮೇಲೆ ನಮ್ಮ ಮನೆಗೆ ಯಾರು ಊಟಕ್ಕೆ ಬಂದರೂ ಸಾರಿನ ಜೊತೆಗೆ ಹಿಮವನ್ನೂ ಬಡಿಸತೊಡಗಿದರು. "ಅಲ್ಲಿ ಪೆಂಗ್ವಿನ್ಸ್ ಲಕ್ಷಗಟ್ಟಲೆ ಇದಾವೆ ಕಣ್ರೀ" ಎಂದರು ಒಮ್ಮೆ. ಬಂದವರೆಲ್ಲ ತಲೆದೂಗಿದರು. ಪೆಂಗ್ವಿನ್ ಇರುವುದು ಭೂಮಿಯ ಇನ್ನೊಂದು ತುದಿಯಲ್ಲಿ ಎನ್ನಲು ನಾನು ಬಾಯಿ ತೆರೆದೆ. "ಅಂಬುಜಾ, ಪಾಯಸ ತಗೊಂಬಾ" ಎಂದರು.

ನಾನು ಇಪ್ಪತ್ತೆರಡು ವರ್ಷದಿಂದ ಇದೇ ಊರಿನ ಶಾಲೆಯೊಂದರಲ್ಲಿ ಭೂಗೋಳ ಕಲಿಸುತ್ತಿದ್ದೇನೆ. ಸ್ವಾಲ್ಬಾರ್ಡ್ ದ್ವೀಪಗಳನ್ನು ಕಣ್ಣು ಮುಚ್ಚಿ ಬೋರ್ಡಿನ ಮೇಲೆ ಬರೆಯಬಲ್ಲೆ. ಎಪ್ಪತ್ತೆಂಟು ಡಿಗ್ರಿ ಉತ್ತರ. ಅರ್ಧಕ್ಕಿಂತ ಹೆಚ್ಚು ನೆಲದ ಮೇಲೆ ಹಿಮನದಿ. ಮರ ಎಂಬುದೇ ಇಲ್ಲ. ಇರುವ ವಿಲ್ಲೋ ಗಿಡ ನೆಲಕ್ಕೆ ಅಂಟಿಕೊಂಡು ಬೆಳೆಯುತ್ತದೆ, ಪಾದದ ಗಂಟಿಗೂ ಬರುವುದಿಲ್ಲ. ಕಲ್ಲಿದ್ದಲ ಗಣಿಗಳು, ಹಿಮಕರಡಿ; ಒಂದು ಊರಿಂದ ಇನ್ನೊಂದಕ್ಕೆ ರಸ್ತೆ ಕೂಡ ಇಲ್ಲ. ಏಪ್ರಿಲ್ ಕೊನೆಯಿಂದ ಆಗಸ್ಟಿನವರೆಗೆ ಅಲ್ಲಿ ಸೂರ್ಯ ಮುಳುಗುವುದಿಲ್ಲ, ಗಾಣದೆತ್ತಿನ ಹಾಗೆ ಆಕಾಶ ಸುತ್ತುತ್ತಲೇ ಇರುತ್ತಾನೆ. ನಮ್ಮ ನೈರೋಬಿಯಲ್ಲೋ ವರ್ಷವಿಡೀ ಆರೂವರೆಗೆ ಅಂಗಡಿ ಬಾಗಿಲು ಎಳೆದ ಹಾಗೆ ಕತ್ತಲು. ಆ ಮುಳುಗದ ಸೂರ್ಯನನ್ನು ಒಂದು ಸಲ ನೋಡಬೇಕೆಂಬುದು ನನ್ನ ಜೀವನದ ಒಂದೇ ಆಸೆ. ಮದುವೆಯಾದ ವರ್ಷದಿಂದ ಅದು ಇವರಿಗೆ ಗೊತ್ತು.

"ನಿನ್ನ ಚೆಸ್ಟ್ ವೀಕು. ಆ ಚಳಿ ನಿನಗಾಗಲ್ಲ" ಎಂದರು.

ಹನ್ನೊಂದು ವರ್ಷದ ಹಿಂದೆ ಒಮ್ಮೆ ಬ್ರಾಂಕೈಟಿಸ್ ಆಗಿದ್ದೇ ನನ್ನ ಎದೆ ಮಾಡಿದ ಪಾಪ. ಹಡಗಿನವರು ಡಾಕ್ಟರ ಸಹಿ ಇರುವ ಫಿಟ್‌ನೆಸ್ ಸರ್ಟಿಫಿಕೇಟ್ ಕೇಳುತ್ತಿದ್ದರು. ನನ್ನದಕ್ಕೆ ಇವರು ಸಹಿ ಹಾಕಲಿಲ್ಲ. ಬೇರೆಯವರ ಹತ್ತಿರ ಹೋಗೋಣವೆಂದರೆ, ನಮ್ಮವರಲ್ಲಿ ಯಾವ ಡಾಕ್ಟರೂ ಇನ್ನೊಬ್ಬ ಡಾಕ್ಟರ ಹೆಂಡತಿಗೆ ಅವರನ್ನು ಕೇಳದೆ ಒಂದು ಆಸ್ಪಿರಿನ್ ಸಹ ಬರೆದುಕೊಡುವುದಿಲ್ಲ. ಸಭ್ಯಸ್ಥರು!

"ಜುಲೈನಲ್ಲಿ ಅಲ್ಲಿ ಎಷ್ಟು ಡಿಗ್ರಿ ಇರುತ್ತೆ ಗೊತ್ತಾ ನಿಮಗೆ?" ಎಂದು ಕೇಳಿದೆ.

"ಪುಸ್ತಕದ ಬದನೆಕಾಯಿ ನನಗೆ ಬೇಡ" ಎಂದರು.

ಐದಾರು ಡಿಗ್ರಿ. ಅದೇ ಜುಲೈನಲ್ಲಿ ಇಲ್ಲೇ ಹತ್ತಿರದ ಲಿಮೂರು ಬೆಟ್ಟದಲ್ಲಿ ಬೆಳಗ್ಗೆ ಎದ್ದು ಚಹಾ ಎಲೆ ಕೀಳುವವರು ಸಹಿಸುವ ಚಳಿಗಿಂತ ತುಸು ಹೆಚ್ಚು, ಅಷ್ಟೇ. ಬೇಡವೆಂದವರಿಗೆ ನಾನೇಕೆ ಹೇಳಲಿ?

ಮಾರ್ಚಿನಲ್ಲಿ, ದೇಶ ಬಿಟ್ಟು ಹೊರಟಿದ್ದ ಜರ್ಮನ್ ಇಂಜಿನಿಯರೊಬ್ಬನಿಂದ ಇವರು ಒಂದು ಕೋಟು ತಂದರು. ಹಾಕಿಕೊಂಡರೆ ಹಾಸಿಗೆ ಸುರುಳಿಗೆ ಕನ್ನಡಕ ಇಟ್ಟಂತೆ ಕಾಣುತ್ತಿದ್ದರು. ಅದನ್ನು ಪರೀಕ್ಷೆ ಮಾಡಬೇಕಂತೆ. ನೈರೋಬಿಯಲ್ಲಿ ಎಲ್ಲಿ? ಇಂಡಸ್ಟ್ರಿಯಲ್ ಏರಿಯಾದ ಮೀನಿನ ಕೋಲ್ಡ್ ಸ್ಟೋರೇಜಿನಲ್ಲಿ. ಅದರ ಮ್ಯಾನೇಜರು, ಮಂಗಳೂರಿನ ಫೆಲಿಕ್ಸ್, ಇವರ ಪೇಷೆಂಟು. ಒಳಗೆ ಮೈನಸ್ ಇಪ್ಪತ್ತು. ಫೋಟೋ ತೆಗೆಯಲು ನಾನೂ ಬರಬೇಕು ಎಂದರು. ನನ್ನ ಎದೆಗೆ ಆಗದ ಚಳಿ ಇವರ ಫೋಟೋಗೆ ಮಾತ್ರ ಆಗುತ್ತಿತ್ತು.

ಫೆಲಿಕ್ಸ್ ನನಗೆ ಕೆಲಸಗಾರರ ಹಳೆಯ ಜಾಕೆಟ್ಟೊಂದನ್ನು ಕೊಟ್ಟರು. ಮೀನಿನ ನಾತ ಹೊಡೆಯುತ್ತಿತ್ತು. ಒಳಗೆ ಹೋಗುವವರ ಹೆಸರು, ವೇಳೆ ಬಾಗಿಲ ಬಳಿಯ ಹಲಗೆಯ ಮೇಲೆ ಬರೆದರು. ಯಾರೂ ಒಳಗೆ ಉಳಿದುಬಿಡಬಾರದೆಂದು ಅಲ್ಲಿಯ ಕಾನೂನು.

ಇವರು ಮೀನಿನ ಪೆಟ್ಟಿಗೆಗಳ ನಡುವೆ ಎದೆಯುಬ್ಬಿಸಿ ನಿಂತರು. ಒಂದು ಫೋಟೋ ತೆಗೆದೆ. ಅಷ್ಟರಲ್ಲಿ ಕನ್ನಡಕದ ಗಾಜು ಬೆಳ್ಳಗಾಯಿತು, ಮೀಸೆ ನರೆಯಿತು, ಉಸಿರು ಸಿಕ್ಕಿಕೊಂಡಿತು. "ಬಾಗ್ಲು! ಬಾಗ್ಲು ತೆಗೀರಿ!" ಎಂದು ಕೂಗುತ್ತಾ ಓಡಿದರು. ನಾನು ಓಡಲಿಲ್ಲ. ಕಿವಿ ಸುಟ್ಟಂತಾಗುತ್ತಿತ್ತು, ಬೆರಳು ನನ್ನವೇ ಅಲ್ಲವೆನಿಸುತ್ತಿತ್ತು. ಆದರೂ ಬೇಕೆಂದೇ ನಿಂತೆ. ಮದುವೆಯಾದ ಮೇಲಿನ ಇಪ್ಪತ್ತಾರು ವರ್ಷದ ಸಿಟ್ಟು ಮೈಯಲ್ಲಿ ಅಷ್ಟು ಬಿಸಿ ಉಳಿಸಿಟ್ಟಿತ್ತು.

ಹೊರಗೆ ಬಂದಾಗ ಫೆಲಿಕ್ಸ್ ಹಲಗೆ ನೋಡಿ ನಕ್ಕರು. "ಡಾಕ್ಟ್ರೇ, ನೀವು ಮೂರು ನಿಮಿಷ ಸಹ ಇರ್ಲಿಲ್ಲ ಮಾರಾಯ್ರೇ. ಟೀಚರ್ ಒಂಬತ್ತು ನಿಮಿಷ!"

ಇವರು ಅಂಗಳದ ಬಿಸಿಲಲ್ಲಿ ಲಾರಿಯೊಂದಕ್ಕೆ ಒರಗಿ ಕೂತಿದ್ದರು. ಮುಖ ಸಣ್ಣಗಾಗಿತ್ತು. ಫೆಲಿಕ್ಸ್ ಚಹಾ ತರಲು ಹೋದ ಮೇಲೆ ಮೆಲ್ಲನೆ ಕೇಳಿದರು, "ಅಲ್ಲೂ ಹೀಗೇನಾ?"

ಮದುವೆಯಾದಂದಿನಿಂದ ನನ್ನನ್ನು ಕೇಳಿದ ಮೊದಲ ಭೂಗೋಳದ ಪ್ರಶ್ನೆ ಅದು.

"ಮೈನಸ್ ಮೂವತ್ತಕ್ಕೂ ಇಳಿಯುತ್ತೆ" ಎಂದೆ.

ಸುಳ್ಳಲ್ಲ. ಕತ್ತಲ ಚಳಿಗಾಲದಲ್ಲಿ ಇಳಿಯುತ್ತದೆ. ಯಾವ ತಿಂಗಳು ಎಂದು ಇವರು ಕೇಳಲಿಲ್ಲ.

ಕನ್ನಡಕ ತೆಗೆದು ಒರೆಸಿದರು. ಆಮೇಲೆ, ಆಸ್ಪತ್ರೆಯಲ್ಲಿ ಜುಲೈಗೆ ರಜ ಸಿಗುವುದು ಕಷ್ಟ, ಬುಕ್ ಮಾಡಿದ ಜಾಗ ಸುಮ್ಮನೆ ಹೋಗುತ್ತದೆ ಎಂದರು. "ನಾನು ಹೋಗ್ತೀನಿ" ಎಂದು ಚೀಲದಿಂದ ನನ್ನ ಫಿಟ್‌ನೆಸ್ ಫಾರ್ಮು ತೆಗೆದು ಕಾರಿನ ಬಾನೆಟ್ ಮೇಲಿಟ್ಟೆ. ತಿಂಗಳಿಂದ ಅದನ್ನು ಜೊತೆಗೇ ಇಟ್ಟುಕೊಂಡು ತಿರುಗುತ್ತಿದ್ದೆ. ಒಂಬತ್ತು ನಿಮಿಷ ನಿಂತವಳಿಗೆ ಇನ್ನು ಎದೆಯ ನೆವ ಹೇಳುವಂತಿರಲಿಲ್ಲ. ಸಹಿ ಹಾಕಿದರು. ಗೆದ್ದೆನೆಂದು ಒಳಗೊಳಗೇ ಕುಣಿದೆ. ಈ ಮನುಷ್ಯನ ಬಗ್ಗೆ ಅಷ್ಟು ತಾತ್ಸಾರ ಎಂದೂ ಆಗಿರಲಿಲ್ಲ.

ಆಗ ಅವರು ಕೋಟು ಬಿಚ್ಚಿ ನನ್ನ ಹೆಗಲಿಗೆ ಹೊದಿಸಿದರು. ಗುಂಡಿಗಳನ್ನು ಒಂದೊಂದಾಗಿ ಹಾಕತೊಡಗಿದರು.

"ಅಂಬುಜಾ, ಅದು ಕೊಲ್ಲೋ ಚಳಿ ಕಣೇ. ಈಗ ಗೊತ್ತಾಯ್ತು ನಂಗೆ. ಬೇಡ ಅನ್ನಿಸ್ತಿದೆ... ಆದ್ರೂ ನೀನು ಆ ಮುಳುಗದ ಸೂರ್ಯನ್ನ ನೋಡ್ಬೇಕು ಅಂತಿದ್ದೆ. ಹೋಗಿ ಬಾ. ಮೇಲಿನ ಗುಂಡಿ ಮಾತ್ರ ಬಿಚ್ಚಬೇಡ." ಕಣ್ಣಲ್ಲಿ ನೀರಿತ್ತು.

ನಿಜ ಹೇಳಲು ಒಂದು ವಾಕ್ಯ ಸಾಕಿತ್ತು. ಹೇಳಿದ್ದರೆ ಅವರ ಭಯ ಹೋಗುತ್ತಿತ್ತು, ಕೋಟು ಅವರ ಮೈಗೇ ವಾಪಸು ಹೋಗುತ್ತಿತ್ತು. ಮಾರ್ಚಿನ ಮಧ್ಯಾಹ್ನದ ಬಿಸಿಲಲ್ಲಿ ಬೆವರು ಬೆನ್ನ ಮೇಲೆ ಹರಿಯುತ್ತಿತ್ತು. ನಾನು ಅವರ ಮುಖ ನೋಡದೆ ಮೇಲಿನ ಗುಂಡಿಯನ್ನೂ ಹಾಕಿಕೊಂಡೆ.