ಸೂರಿನಿಂದ ಬಂದವನು

"ಬಾಗಿಲು ತೆಗೀಬೇಡ ಕಣೇ!"

ಸೀಸಿಯಾಳ ಕೈ ಆಗಲೇ ಅಗುಳಿಯ ಮೇಲಿತ್ತು. ಗಂಡ ನುಮೇರಿಯಸ್ ಬಟ್ಟೆ ತುಳಿಯುವ ತೊಟ್ಟಿಯಿಂದ ಒದ್ದೆ ಕಾಲಲ್ಲೇ ಓಡಿಬಂದು ಬಾಗಿಲಿಗೆ ಬೆನ್ನು ಕೊಟ್ಟು ನಿಂತ. ಹೊರಗಿದ್ದವನು ಅವರ ಕಿರಿಯ ಮಗ ವಿಬಿಯಸ್. ಗ್ರೀಸಿನ ಕಡಲ ಯುದ್ಧದಲ್ಲಿ ಹಡಗಿನ ಸಮೇತ ಸುಟ್ಟುಹೋದ ಎಂದು ಅವನ ಬಗ್ಗೆ ಹೋದ ವರ್ಷ ಸುದ್ದಿ ಬಂದಿತ್ತು. ಹೆಣವೂ ಸಿಗದ ಮಗನಿಗೆ ಅಪ್ಪ ಖಾಲಿ ಗುಂಡಿಗೆ ಮಣ್ಣು ಹಾಕಿ ಕರ್ಮ ಮುಗಿಸಿದ್ದ.

"ಅಪ್ಪಾ, ನಾನು ಸತ್ತಿಲ್ಲ," ಎಂದಿತು ಹೊರಗಿನ ದನಿ.

"ಗೊತ್ತಾಯ್ತು ಕಣೋ. ಆದ್ರೆ ನಿನ್ನ ಕರ್ಮ ಆಗೋಗಿದೆಯಲ್ಲ. ಅಂಥೋನು ಹೊಸ್ತಿಲು ದಾಟೋ ಹಾಗಿಲ್ಲ. ಸೂರಿನಿಂದ ಇಳಿ."

ಹೊರಗೆ ನಗು ಕೇಳಿಸಿತು. ಸೀಸಿಯಾ ಹಣೆ ಚಚ್ಚಿಕೊಂಡು ಗಂಡನನ್ನು ಕಟುಕ ಎಂದು ಬೈದಳು. ಆದರೆ ಅವಳೂ ಅಗುಳಿ ತೆಗೆಯಲಿಲ್ಲ; ಹಿರಿಯರ ಕಾಲದ ಕಟ್ಟಳೆ ಮೀರಿ, ಬಂದ ಮಗನನ್ನು ಮತ್ತೆ ಕಳೆದುಕೊಳ್ಳುವ ಧೈರ್ಯ ಯಾವ ತಾಯಿಗಿದೆ? ಬಾಗಿಲ ಸಂದಿಗೆ ಬಾಯಿಟ್ಟು ಊಟ ಮಾಡಿದೆಯಾ ಎಂದು ಕೇಳಿದಳು. ನಿನ್ನೆ ಬಂದರಿನಲ್ಲಿ ಒಂದಿಷ್ಟು ಕಡಲೆ ತಿಂದೆ ಎಂದ. ಅವಳು ಅಲ್ಲೇ ಕುಸಿದು ಕೂತು ಅತ್ತಳು.

ಪಕ್ಕದ ಮನೆಯ ಹೋಸ್ಟಸ್ ಏಣಿ ತಂದು ಮಾಡು ಹತ್ತಿದ. ಅವನು ಹಂಚು ಕೀಳುತ್ತಿದ್ದರೆ ನುಮೇರಿಯಸ್ ಕೆಳಗೆ ನಿಂತು ಕತ್ತೆತ್ತಿ ನೋಡುತ್ತಿದ್ದ. ಕೈ ತುಂಬ ಸುಣ್ಣದ ಪುಡಿ. ಚುನಾವಣೆಗೆ ನಿಂತವರು ಹೊದೆಯುವ ಟೋಗಾಗಳಿಗೆ ಸುಣ್ಣ ತಿಕ್ಕಿ ಬೆಳ್ಳಗೆ ಮಾಡುವುದೇ ಒಂದು ಕಾಲದಲ್ಲಿ ಅವನ ದೊಡ್ಡ ಕೆಲಸವಾಗಿತ್ತು. ಎಂಥೆಂಥ ಮನೆತನದವರು ಬಂದು, ಈ ಅಗಸನ ಸುಣ್ಣದ ಕೈ ಹಿಡಿದು, ಹೆಸರು ಹಿಡಿದು ಕರೆದು ವೋಟು ಕೇಳುತ್ತಿದ್ದರು! ಹಿರಿಮಗ ಮಾನಿಯಸ್ ಅದನ್ನು ನೋಡುತ್ತಲೇ ಬೆಳೆದ. ನಮ್ಮೂರಿಗೆ ಒಬ್ಬನೇ ಒಡೆಯ ಬೇಡ ಎಂದವರ ದಂಡು ಸೇರಿ ಫಿಲಿಪ್ಪಿಯ ಯುದ್ಧಕ್ಕೆ ಹೋದ, ಬರಲಿಲ್ಲ. ಅವನಿಗೂ ಖಾಲಿ ಗುಂಡಿಯೇ ಆಯಿತು.

ಈಗಲೂ ಚುನಾವಣೆ ನಡೆಯುತ್ತದೆ. ಯಾರು ಗೆಲ್ಲಬೇಕೆಂದು ಫಿಲಿಪ್ಪಿಯಲ್ಲಿ ಗೆದ್ದವನೊಬ್ಬ ಹೇಳುತ್ತಾನೆ, ಅವರು ಗೆಲ್ಲುತ್ತಾರೆ. ಅವನನ್ನು ರಾಜ ಎಂದು ಯಾರೂ ಅನ್ನುವುದಿಲ್ಲ, ಈ ಊರಿನಲ್ಲಿ ಆ ಮಾತು ಬೈಗುಳ. ಊಟದ ಹೊತ್ತಿಗೆ ಅವನ ಹೆಸರಿನಲ್ಲಿ, ದೇವರಿಗೆ ಎರೆದಂತೆ, ನೆಲಕ್ಕೆ ದ್ರಾಕ್ಷಾರಸ ಎರೆಯಬೇಕೆಂದು ಹಿರಿಯರ ಸಭೆ ಅಪ್ಪಣೆ ಮಾಡಿದ ದಿನವೇ ನುಮೇರಿಯಸ್ ದ್ರಾಕ್ಷಾರಸದ ಹೂಜಿಯನ್ನು ಮನೆಯಿಂದಾಚೆ ಹಾಕಿದ. ಹೊಟ್ಟೆಗೆ ಆಗಲ್ಲ ಅಂತ ವೈದ್ಯ ಹೇಳಿದ್ದಾನೆ ಎಂದು ಬೀದಿಗೆಲ್ಲ ಸಾರಿದ. ಹೆಂಡತಿಗೆ ಮಾತ್ರ ನಿಜ ಹೇಳಿದ್ದ: "ನನ್ನ ಮಾನಿಯಸ್‌ನ ತಿಂದೋನಿಗೆ ಈ ಕೈಯಿಂದ ಒಂದು ತೊಟ್ಟೂ ಬೀಳಲ್ಲ."

ಬಟ್ಟೆ ಒಣಹಾಕುವ ಹಗ್ಗ ಕೆಳಗಿಳಿಯಿತು. ಅದರ ಹಿಂದೆ ಎರಡು ಪಾದಗಳು ಬಂದವು. ಒಡೆದ ಹಿಮ್ಮಡಿ. ಮೊಣಕಾಲ ಕೆಳಗೆ, ಚಿಕ್ಕವನಿದ್ದಾಗ ತೊಟ್ಟಿಯ ಅಂಚಿಗೆ ಬಿದ್ದು ಮಾಡಿಕೊಂಡ ಗಾಯದ ಕಲೆ. ನುಮೇರಿಯಸ್ ಆ ಕಾಲುಗಳನ್ನು ಅಪ್ಪಿ ಹಿಡಿದುಕೊಂಡವನು ಬಿಡಲೇ ಇಲ್ಲ.

"ಬಿಡಣ್ಣ," ಎಂದ ಮೇಲಿನಿಂದ ಹೋಸ್ಟಸ್, "ಪೂರ್ತಿ ಇಳೀಲಿ. ಉಳಿದಿದ್ದೂ ನಿಂದೇನೇ."

ಸೀಸಿಯಾ ಬೇಳೆಯ ಗಂಜಿ, ಗಿಣ್ಣು, ಆಲಿವ್ ಕಾಯಿ ತಂದಿಟ್ಟಳು. ಹೋಸ್ಟಸ್ ತನ್ನ ಮನೆಯಿಂದ ದ್ರಾಕ್ಷಾರಸ ತಂದ. ವಿಬಿಯಸ್ ತಿನ್ನುತ್ತ ತಿನ್ನುತ್ತ ಹೇಳಿದ. ಅವನಿದ್ದ ಹಡಗು ಸೋತವರದು. ಈಜಿ ದಡ ಸೇರಿದವರನ್ನೆಲ್ಲ ಸಾಲಾಗಿ ನಿಲ್ಲಿಸಿದ್ದರು. ಈಗ ಕತ್ತಿ ಬರುತ್ತದೆ ಎಂದು ಇವನು ಕಣ್ಣು ಮುಚ್ಚಿದ್ದ.

"ಕತ್ತಿ ಬರ್ಲಿಲ್ಲ ಅಪ್ಪ. ಒಬ್ಬ ಅಧಿಕಾರಿ ಬಂದು, ಜೀವ ಉಳಿಸಿದ್ದೀವಿ ಅಂದ. ಊಟದ ಹೊತ್ತಿಗೆ ಎಲ್ರೂ ಎರೀತಾರಲ್ಲ, ಅವನ ಅಪ್ಪಣೆಯಂತೆ. ಆಮೇಲೆ ದುಡಿಸ್ಕೊಂಡ್ರು, ಈಗ ಬಿಟ್ರು."

ಹೋಸ್ಟಸ್ ಬಟ್ಟಲು ತುಂಬಿಸಿ ನುಮೇರಿಯಸ್‌ನ ಮುಂದಿಟ್ಟು, ಗೋಡೆ ನೋಡುತ್ತ ಕೂತ. ಎರೆಯದಿದ್ದರೂ ಅವನು ಯಾರಿಗೂ ಹೇಳುವವನಲ್ಲ, ಅದು ನುಮೇರಿಯಸ್‌ಗೆ ಗೊತ್ತು. ಸೀಸಿಯಾ ಕೂಡ ಗಂಡನ ಕಡೆ ತಿರುಗಲಿಲ್ಲ, ಮಗನ ಬೆನ್ನು ಸವರುತ್ತಲೇ ಇದ್ದಳು. ನುಮೇರಿಯಸ್ ಬಟ್ಟಲು ಎತ್ತಿದ, ಇಟ್ಟ. ಮಗ ಗಂಜಿ ಸುರ್ರನೆ ಹೀರುವ ಸದ್ದು ಕೇಳಿಸಿತು. ಮತ್ತೆ ಎತ್ತಿದ.

"ದೊಡ್ಡೋನ್ನ ನೀನು ಕೊಡ್ಲಿಲ್ಲ," ಎಂದ, ಎದುರಿಗೆ ಯಾರೋ ಕೂತಿದ್ದಾರೆ ಎಂಬಂತೆ. "ಅದನ್ನ ಮರೆಯೋದಿಲ್ಲ. ಇವನ್ನ ಕೊಟ್ಟೆ. ಉಪಕಾರ ಆಯ್ತಪ್ಪ."

ಬಟ್ಟಲು ಬಗ್ಗಿಸಿದ; ಎರೆಯಬೇಕಾದ್ದಕ್ಕಿಂತ ಹೆಚ್ಚೇ ನೆಲಕ್ಕೆ ಬಿತ್ತು. ಉಳಿದದ್ದನ್ನು ಕುಡಿದು ಕೆಮ್ಮಿದ. ಎದೆ ಹಗುರವಾಗಿ, ನಗುತ್ತಲೇ ಅಳು ಬಂತು. ಮಗ ಅವನ ಸುಣ್ಣದ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

ಸಂಜೆಗೆ ಮೋಡ ಕವಿಯಿತು. ಮಳೆಗೆ ಮುಂಚೆ ಹಂಚು ಹೊದಿಸಿಬಿಡುತ್ತೇನೆ ಎಂದು ಹೋಸ್ಟಸ್ ಎದ್ದ.

"ಇರ್ಲಿ ಬಿಡು," ಎಂದ ನುಮೇರಿಯಸ್, ಮೇಲೆ ನೋಡುತ್ತ. "ಇವತ್ತೊಂದಿನ ಹಾಗೇ ಇರ್ಲಿ. ದೊಡ್ಡೋನ ಗುಂಡಿನೂ ಖಾಲೀನೇ ಅಲ್ವಾ."

ಹಗ್ಗ ಬಿಚ್ಚಲು ಹೋಗಿದ್ದ ಸೀಸಿಯಾ ಅವನ ಮುಖ ನೋಡಿದಳು. ಹಗ್ಗವನ್ನು ಹಾಗೇ ಬಿಟ್ಟು, ಅದರ ಕೆಳಗಿದ್ದ ತೊಟ್ಟಿಯನ್ನು ಯಾರ ಕಾಲಿಗೂ ತಗುಲದಂತೆ ಪಕ್ಕಕ್ಕೆ ಸರಿಸಿದಳು.