ಬಸವಲಿಂಗಪ್ಪ ಮುಚ್ಚಿದ ಗ್ರಹ

ದಿಲ್ಲಿಯ ಓಖ್ಲಾದ ಆ ಪ್ರೆಸ್ಸಿನಲ್ಲಿ ಬಸವಲಿಂಗಪ್ಪನವರ ಕಣ್ಣು ತಪ್ಪಿಸಿ ಒಂದು ಚುಕ್ಕೆಯೂ ಆಚೆ ಹೋಗುವಂತಿರಲಿಲ್ಲ. ಗದಗಿನ ಛಾಪಖಾನೆಯಲ್ಲಿ ಕೆಲಸ ಕಲಿತು ಮೂವತ್ತು ವರ್ಷದ ಹಿಂದೆ ದಿಲ್ಲಿಗೆ ಬಂದವರು. ಅಚ್ಚಿಗೆ ಹೋಗುವ ಫಿಲ್ಮನ್ನು ದೀಪದ ಮೇಜಿನ ಮೇಲೆ ಹಾಸಿ, ಕಪ್ಪು ಇರಬೇಕಾದ ಕಡೆ ಧೂಳು ಕೂತು ಬಿದ್ದ ಸೂಜಿಮೊನೆಯಷ್ಟು ತೂತುಗಳನ್ನು ಹುಡುಕಿ, ಸಣ್ಣ ಕುಂಚದಿಂದ ಬಣ್ಣ ಹಚ್ಚಿ ಮುಚ್ಚುವುದು ಅವರ ಕೆಲಸ. ಮುಚ್ಚದೆ ಬಿಟ್ಟರೆ ಬಟ್ಟೆ ಕಂಪನಿಯ ಕ್ಯಾಟಲಾಗಿನಲ್ಲಿ ಹುಡುಗಿಯ ಕಪ್ಪು ಕೂದಲ ನಡುವೆ ಬಿಳಿ ಚುಕ್ಕೆ ಮೂಡಿ, ಮಾಲು ವಾಪಸು ಬರುತ್ತದೆ. ಬಸವಲಿಂಗಪ್ಪನವರ ಕೈ ದಾಟಿದ ಒಂದು ಹಾಳೆಯೂ ಹಾಗೆ ವಾಪಸು ಬಂದಿರಲಿಲ್ಲ. ಇದನ್ನು ಅವರು ಯಾರ ಮುಂದೆಯೂ ಹೇಳಿಕೊಳ್ಳುತ್ತಿರಲಿಲ್ಲ, ದಿನಕ್ಕೆ ಎರಡು ಸಲ ಬಿಟ್ಟರೆ.

ಎರಡು ಸಾವಿರದ ಐದನೇ ಇಸವಿಯ ನವೆಂಬರಿನ ಒಂದು ಶುಕ್ರವಾರ, ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ವೈಜಯಂತಿ ಕಾರ್ಡು ಒಯ್ಯಲು ಬಂದಳು. ಧಾರವಾಡದವಳು, ನೋಯ್ಡಾದ ಒಂದು ಶಾಲೆಯಲ್ಲಿ ವಿಜ್ಞಾನದ ಟೀಚರ್. ಮೊದಲ ಸಲ ಬಂದಾಗ ಬಸವಲಿಂಗಪ್ಪನವರು ಗೋಂದಿನ ಬಾಟಲಿಯನ್ನು ಅಚ್ಚ ಕನ್ನಡದಲ್ಲಿ ಬೈಯುತ್ತಿದ್ದುದನ್ನು ಕೇಳಿ ನಕ್ಕವಳು, ಅಂದಿನಿಂದ ಅವರನ್ನು ಕಾಕಾ ಎನ್ನುತ್ತಿದ್ದಳು. ಮಾರನೆಯ ದಿನ ಶಾಲೆಯಲ್ಲಿ ವಿಜ್ಞಾನ ಮೇಳ. ಮುನ್ನೂರು ಮಕ್ಕಳಿಗೂ ಒಂದೊಂದು ಕಾರ್ಡು ಕೊಡಬೇಕೆಂದು ತಿಂಗಳುಗಟ್ಟಲೆ ಓಡಾಡಿ ಮಾಡಿಸಿದ್ದಳು.

ಕಟ್ಟು ಬಿಚ್ಚಿ ಒಂದು ಕಾರ್ಡನ್ನು ಅವಳ ಕೈಗಿಟ್ಟು ಬಸವಲಿಂಗಪ್ಪನವರು ಕೇಳಿದರು. "ಕಪ್ಪು ನೋಡು ತಂಗೀ, ಹೇಗೆ ಬಂದಿದೆ! ಅದು ಸರಿ, ನಡುವೆ ಇದೇನು, ಬೀದಿ ದೀಪವಾ?"

"ಅಯ್ಯೋ ಕಾಕಾ, ತಾರೆ. ಕಂದು ಕುಬ್ಜ ತಾರೆ ಅಂತಾರೆ. ಸೂರ್ಯ ಆಗೋಕೆ ಹೊರಟು, ಮೈಯಲ್ಲಿ ಕಸುವು ಸಾಲದೆ ಅರ್ಧಕ್ಕೇ ನಿಂತದ್ದು." ಅವಳಿಗೆ ಮಾತಿನ ಹುರುಪು ಬಂತು. ಕಾರ್ಡನ್ನು ಮಡಿಲಲ್ಲಿಟ್ಟುಕೊಂಡು ಹೇಳತೊಡಗಿದಳು. "ತಾರೆ ದೊಡ್ಡದಲ್ಲ, ಅದಕ್ಕೂ ಒಂದು ಗ್ರಹ ಇದೆಯಲ್ಲ, ಅದೇ ದೊಡ್ಡ ಸಂಗತಿ. ಎಲ್ಲೋ ಇನ್ನೂರರ ಆಸುಪಾಸು ಜ್ಯೋತಿರ್ವರ್ಷ ದೂರ. ನಮ್ಮ ಸೂರ್ಯನದಲ್ಲದ ಗ್ರಹವನ್ನು ಹೀಗೆ ನೇರವಾಗಿ ಫೋಟೋ ಹಿಡಿದದ್ದು ಇದೇ ಮೊದಲಂತೆ. ಚಿಲಿ ದೇಶದ ಬೆಟ್ಟದ ಮೇಲಿನ ದೂರದರ್ಶಕದಲ್ಲಿ ಕಂಡಾಗ ನೋಡಿದ ವಿಜ್ಞಾನಿಗಳೇ ನಂಬಲಿಲ್ಲ. ಹಿಂದೆಲ್ಲೋ ಇರುವ ಬೇರೆ ತಾರೆ ಇರಬಹುದು ಅಂತ ಒಂದು ವರ್ಷ ಕಾದು ಮತ್ತೆ ನೋಡಿದರು. ಎರಡೂ ಜೊತೆಜೊತೆಗೇ ಸರಿದಿದ್ದವು. ಆಮೇಲೇ ಗ್ರಹ ಅಂದದ್ದು."

ಬಸವಲಿಂಗಪ್ಪನವರು ಬಾಯಿ ತೆರೆದುಕೊಂಡು ಕೇಳಿದರು. ಚುಕ್ಕೆ ಹುಡುಕುವುದರಲ್ಲಿ ತಮಗಿಂತ ಮೇಲಿನವರು ಇದ್ದಾರೆಂದು ಅವರು ಈವರೆಗೆ ಯಾರ ಮುಂದೆಯೂ ಒಪ್ಪಿಕೊಂಡವರಲ್ಲ. ಈಗ ಮನಸಾರೆ ಒಪ್ಪಿದರು. "ಭಲೇ! ಎಂಥ ಕಣ್ಣು ಅವರದು! ಎಲ್ಲಿದೆ ಆ ಗ್ರಹ?"

"ತಾರೆಯ ಕೆಳಗೆ, ಎಡಗಡೆ. ಒಂದು ಕೆಂಪು ಚುಕ್ಕೆ."

ಬಸವಲಿಂಗಪ್ಪನವರಿಗೆ ಮಂಗಳವಾರದ ಕೆಲಸ ನೆನಪಾಯಿತು. ಕಪ್ಪು ಶಾಯಿಗೆಂದೇ ಬೇರೆಯಾಗಿ ತೆಗೆದ ಫಿಲ್ಮನ್ನು ಮೇಜಿಗೆ ಹಾಸಿದಾಗ ಕೆಳಗೆ ಎಡಗಡೆ ಒಂದು ತೂತು ಕಂಡಿತ್ತು. ಎಂಥ ದಪ್ಪ ಧೂಳಪ್ಪಾ ಎಂದು ಗೊಣಗಿ, ಒಂದು ಸಲ ಸಾಲದೆಂದು ಎರಡು ಸಲ ಬಣ್ಣ ಹಚ್ಚಿದ್ದರು.

ವೈಜಯಂತಿ ಕಾರ್ಡನ್ನು ಕಣ್ಣಿನ ಹತ್ತಿರ ತಂದಳು, ದೂರ ಹಿಡಿದಳು, ಇನ್ನೊಂದು ಕಾರ್ಡು ತೆಗೆದಳು. ಮುಖ ಪೆಚ್ಚಾಯಿತು. "ಗ್ರಹ ಎಲ್ಲಿ? ಪರದೆ ಮೇಲೆ ಪ್ರೂಫ್ ನೋಡಿದಾಗ ಇತ್ತಲ್ಲ ಕಾಕಾ!"

ಅಷ್ಟರಲ್ಲಿ ಮಾಲೀಕ ಬಂದ. ವಿಷಯ ಕೇಳಿದ್ದೇ ತಡ, ಕಾರ್ಡಿನ ಚಿತ್ರ ಜೋಡಿಸಿದ್ದ ಕಂಪ್ಯೂಟರಿನವನ ಹೆಸರು ಹಿಡಿದು ಕೂಗಿದ. "ಅವನದೇ ಗಲತಿ! ಮೇಡಂ, ಈ ನಮ್ಮ ಮಾಸ್ಟರ್‌ಜಿ ಕೈಯಲ್ಲಿ ಗಲತಿ ಆಗೋದೇ ಇಲ್ಲ. ತೀಸ್ ಸಾಲ್, ಏಕ್ ಭೀ ನಹೀ!"

ಮೂವತ್ತು ವರ್ಷದಲ್ಲಿ ಒಂದೂ ತಪ್ಪಿಲ್ಲವೆಂಬ, ತಮಗೆ ಇಷ್ಟವಾದ ಆ ಮಾತು ಅಂದು ಬಸವಲಿಂಗಪ್ಪನವರಿಗೆ ಮುಳ್ಳಿನಂತೆ ಚುಚ್ಚಿತು. ಬಾಯಿ ಮುಚ್ಚಿಕೊಂಡಿದ್ದರೆ ಮುಗಿಯಿತು, ಮೂವತ್ತು ವರ್ಷದ ಹೆಸರು ಹಾಗೆಯೇ ಉಳಿಯುತ್ತದೆ. ಕಂಪ್ಯೂಟರಿನವನು ಇಬ್ಬರು ಮಕ್ಕಳ ತಂದೆ, ಬೈಗುಳ ತಿಂದರೂ ಎದುರಾಡುವವನಲ್ಲ. ಅವನು ಕೈ ಒರೆಸಿಕೊಳ್ಳುತ್ತ ಒಳಕೋಣೆಯಿಂದ ಬರುತ್ತಿದ್ದ.

"ಅವನಲ್ಲ," ಎಂದರು ಬಸವಲಿಂಗಪ್ಪನವರು. "ನಾನೇ ಮುಚ್ಚಿದ್ದು. ಧೂಳು ಅಂದುಕೊಂಡೆ."

ಮಾಲೀಕ ಮೊದಲು ನಂಬಲಿಲ್ಲ. ನಂಬಿದ ಮೇಲೆ ತಲೆ ಚಚ್ಚಿಕೊಂಡ. ಮೆಷಿನ್ನಿನಲ್ಲಿ ಬೇರೆಯವರ ಕೆಲಸ ಏರಿದೆ, ಇವತ್ತು ಮತ್ತೆ ಅಚ್ಚು ಹಾಕುವುದು ಆಗದ ಮಾತು ಎಂದ. ವೈಜಯಂತಿ ಬಿಚ್ಚಿದ ಕಟ್ಟನ್ನು ಮತ್ತೆ ಕಟ್ಟತೊಡಗಿದಳು. ಅವಳು ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು.

"ಅವರು ಒಂದು ವರ್ಷ ಕಾದರು ತಂಗೀ, ನಾನು ಒಂದು ನಿಮಿಷ ನೋಡಲಿಲ್ಲ," ಎಂದರು ಬಸವಲಿಂಗಪ್ಪನವರು. "ಸಂಜೆತನಕ ಟೈಮ್ ಕೊಡು. ಮುನ್ನೂರರಲ್ಲೂ ಕೂರಿಸಿಕೊಡ್ತೀನಿ."

ಕಿಟಕಿ ಪಕ್ಕದ ಮೇಜಿಗೆ ಕೂತರು. ಮೂಲ ಚಿತ್ರವನ್ನು ಕಾರ್ಡಿನ ಅಳತೆಗೇ ತೆಗೆಸಿಕೊಂಡು, ಅದರ ಮೇಲೊಂದು ಪಾರದರ್ಶಕ ಹಾಳೆ ಇಟ್ಟು, ಗ್ರಹ ಇದ್ದ ಜಾಗದಲ್ಲಿ ಗುರುತು ಮಾಡಿಕೊಂಡರು. ಆ ಹಾಳೆಯನ್ನು ಕಾರ್ಡಿನ ಮೂಲೆಗೆ ಸರಿಯಾಗಿ ಕೂರಿಸಿ, ಗುರುತಿನ ಮೇಲೆ ಸೂಜಿಯಿಂದ ಮೆಲ್ಲಗೆ ಕಪ್ಪು ಕೆರೆದು, ಬೆಳ್ಳಗಾದ ಕಡೆ ಕೆಂಪು ಶಾಯಿ ಮುಟ್ಟಿಸಬೇಕು. ಮೂರು ಕಾರ್ಡು ಸರಿಯಾಗಿಯೇ ಬಂದವು, ಆದರೆ ಚುಕ್ಕೆ ಸತ್ತ ಹಾಗಿತ್ತು. ಯಾರೋ ಪಾನ್ ತಿಂದು ಸಿಡಿಸಿದಂತೆ ಕಾಣುತ್ತಿದೆಯೆಂದು ತಮ್ಮನ್ನೇ ಬೈದುಕೊಂಡರು. ನಾಲ್ಕನೆಯದರಲ್ಲಿ ಆ ಸಿಟ್ಟಿಗೆ ಒತ್ತಿದ್ದು ಹೆಚ್ಚಾಗಿ ಸೂಜಿ ಆಚೆ ದಾಟಿಬಿಟ್ಟಿತು. "ಥೂ, ತೂತು!" ಎಂದು ಕಾರ್ಡನ್ನು ರದ್ದಿ ಡಬ್ಬಕ್ಕೆ ಎಸೆದರು.

ವೈಜಯಂತಿ ಅದನ್ನು ಎತ್ತಿಕೊಂಡಳು. ತೂತು ಎಷ್ಟು ದೊಡ್ಡದೆಂದು ನೋಡಲು ಕಿಟಕಿಗೆ ಹಿಡಿದವಳು ಹಾಗೆಯೇ ನಿಂತುಬಿಟ್ಟಳು. "ಕಾಕಾ, ಇಲ್ಲಿ ಬನ್ನಿ."

ಕಪ್ಪು ಆಕಾಶದ ನಡುವೆ ಒಂದು ಬೆಳಕಿನ ಕಣ ಉರಿಯುತ್ತಿತ್ತು. ಬಸವಲಿಂಗಪ್ಪನವರು ಮೇಜಿನ ಡ್ರಾಯರ್ ಎಳೆದು ಕೆಂಪು ಮಾಸ್ಕಿಂಗ್ ಫಿಲ್ಮು ತೆಗೆದರು. ಅಚ್ಚಿನ ಪ್ಲೇಟಿನ ಮೇಲೆ ಬೇಡದ ಕಡೆ ಬೆಳಕು ಬೀಳದಂತೆ ಅಡ್ಡ ಹಿಡಿಯುವ, ಗಾಜಿನಂಥ ಕೆಂಪು ಹಾಳೆ ಅದು. ಅವರ ಹಳೆಯ ಸಾಮಾನು. ಉಗುರಿನಷ್ಟು ಕತ್ತರಿಸಿ ಕಾರ್ಡಿನ ಬೆನ್ನಿಗೆ ಗೋಂದಿನಲ್ಲಿ ಅಂಟಿಸಿ ಮತ್ತೆ ಕಿಟಕಿಗೆ ಹಿಡಿದರು. ಕಣ ಕೆಂಪಗೆ ಬೆಳಗಿತು. ಇಷ್ಟು ವರ್ಷ ತೂತು ಮುಚ್ಚಿದ ಆ ಮನುಷ್ಯನಿಗೆ ಒಂದು ತೂತು ಇಷ್ಟು ಚೆಂದ ಇರಬಹುದೆಂದು ಹೊಳೆದಿರಲೇ ಇಲ್ಲ.

"ನಿಜವಾಗಿ ತಾರೆಯೇ ಜೋರು, ಗ್ರಹ ಮಂಕು," ಎಂದಳು ವೈಜಯಂತಿ. "ಇಲ್ಲಿ ತಿರುಗುಮುರುಗು ಆಯ್ತು. ಇರಲಿ, ಅದನ್ನು ನಾನು ಮಕ್ಕಳಿಗೆ ಹೇಳ್ತೀನಿ."

ಐದೈದು ಕಾರ್ಡು ಒಟ್ಟಿಗೆ ಚುಚ್ಚಿದರೆ ಬೇಗ ಆಗುತ್ತದೆಂದು ಅವಳು ಹೇಳಿ ನೋಡಿದಳು. ಅವರು ಕೇಳಬೇಕಲ್ಲ! ಒಂದೊಂದೇ ಕಾರ್ಡು, ಒಂದೊಂದೇ ಗ್ರಹ. ಅವರು ಚುಚ್ಚಿದರು, ಅವಳು ಅಂಟಿಸಿದಳು. ಕಂಪ್ಯೂಟರಿನವನು ತಾನಾಗಿ ಬಂದು ಕೆಂಪು ಹಾಳೆ ಕತ್ತರಿಸಿಕೊಟ್ಟ. ಹೊತ್ತು ಇಳಿಯುವ ಮುಂಚೆ ಮುನ್ನೂರೂ ಮುಗಿದವು.

ಮರುದಿನ ವೈಜಯಂತಿ ಅವರನ್ನು ಬಿಡದೆ ಶಾಲೆಗೆ ಕರೆಸಿಕೊಂಡಳು. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಅವರು ಹಾಲಿನ ಹಿಂದಿನ ಗೋಡೆಗೆ ಒರಗಿ ನಿಂತರು. ಕಾರ್ಡು ಹಂಚಿದ್ದೇ ತಡ ಗುಜುಗುಜು ಶುರುವಾಯಿತು. "ಮ್ಯಾಮ್, ಇಸ್‌ ಮೇ ತೋ ಛೇದ್ ಹೈ!" ಎಂದಿತು ಒಂದು ದನಿ. "ಮೇರೇ ಮೇ ಭೀ!" ಎಂದಿತು ಇನ್ನೊಂದು. ಬಸವಲಿಂಗಪ್ಪನವರಿಗೆ ನೆಲ ಬಾಯಿ ತೆರೆಯಬಾರದೇ ಅನ್ನಿಸಿತು. ಮೂವತ್ತು ವರ್ಷ ಅವರು ಹೆದರುತ್ತ ಬಂದಿದ್ದು 'ಇದರಲ್ಲಿ ತೂತಿದೆ' ಎಂಬ ಇದೇ ಮಾತಿಗೆ.

"ಎಲ್ಲರೂ ಕಿಟಕಿ ಕಡೆ ತಿರುಗಿ, ಕಾರ್ಡು ಮೇಲೆತ್ತಿ," ಎಂದು ವೈಜಯಂತಿ ಹಿಂದಿಯಲ್ಲಿ ಹೇಳಿದಳು.

ಮುನ್ನೂರು ಕೈ ಮೇಲೆದ್ದವು. ಗುಜುಗುಜು ನಿಂತಿತು. ಮಗುವೊಂದು ಉಸಿರೆಳೆದುಕೊಂಡದ್ದು ಹಿಂದಿನ ಗೋಡೆಯ ತನಕ ಕೇಳಿಸಿತು.

ಹಿಂದಿನ ಸಾಲಿನಲ್ಲಿ ಹರ್ಷಿಣಿ ಎಂಬ ಹುಡುಗಿ ಇದ್ದಳು. ಮನೆಯಲ್ಲಿ ಕನ್ನಡ, ಹೊರಗೆಲ್ಲ ಹಿಂದಿ. ತುಂಬ ಹೊತ್ತು ನೋಡಿ, ಕಾರ್ಡು ಇಳಿಸದೆಯೇ ಅವರ ಕಡೆ ತಿರುಗಿದಳು. "ಅಂಕಲ್, ಮ್ಯಾಮ್ ಹೇಳಿದ್ರು ನೀವು ಪ್ರೆಸ್‌ನಿಂದ ಬಂದಿದ್ದು ಅಂತ. ಯೇ ಪ್ಲಾನೆಟ್ ಯಾರು ಮಾಡಿದ್ದು? ಕಿತನಾ ಸುಂದರ್ ಹೈ!"

ಬಸವಲಿಂಗಪ್ಪನವರು ಗೋಡೆ ಬಿಟ್ಟು ನೆಟ್ಟಗೆ ನಿಂತರು.

"ನಾನೇ ಮಗಳೇ," ಎಂದರು. "ಮೊದಲು ಮುಚ್ಚಿದ್ದೂ ನಾನೇ."