ನಾಲ್ಕು ಬೆರಳಿನ ಜಾಗ

ನಟ್ಟು ಜಪ್ಪಯ್ಯ ಅನ್ನಲಿಲ್ಲ. ಚೌಡೇಶ ನಟ್ಟು ಬಿಚ್ಚುವ ಪಾನಾದ ಹಿಡಿಗೆ ಕಬ್ಬಿಣದ ಪೈಪು ಸಿಕ್ಕಿಸಿ, ಅದರ ಮೇಲೆ ಹತ್ತಿ ನಿಂತು ಮೈಭಾರವೆಲ್ಲ ಹಾಕಿದ. ಕಿರ್ರೆಂದು ಕೂಗಿ ಅದು ಸಡಿಲಾಯಿತು. ಪಿಕಪ್‌ನ ಹಿಂದಿನ ಕಮಾನಿನಿಂದ, ಭಾರ ಹೊರುವ ಉಕ್ಕಿನ ಪಟ್ಟಿಗಳ ಆ ಸ್ಪ್ರಿಂಗಿನಿಂದ, ತುಕ್ಕಿನ ಪುಡಿ ಉದುರಿ ಅವನ ಪಾದದ ಮೇಲೆ ಬಿತ್ತು.

"ಪಟ್ಟಿ ಹಾಕಸ್ಲಿಕ್ಕೆ ವಾರದಿಂದ ಡ್ರೈವರ್‌ಗಳು ಪಾಳಿ ಹಚ್ಚ್ಯಾರ," ಎಂದ ಗ್ಯಾರೇಜಿನ ಅಬ್ದುಲ್ ಕರೀಮ್, ಚಹಾದ ಕಪ್ಪು ಹಿಡಿದುಕೊಂಡೇ. "ತಗೀಲಿಕ್ಕೆ ಬಂದಾವ ನೀ ಒಬ್ಬನೇ ನೋಡು. ನನ್ನ ಹೆಸರು ಕೆಡಸ್ಲಿಕತ್ತಿ."

"ಆ ಬಾಜೂ ಜ್ಯಾಕ್ ಏರಸ್ರಿ, ಕರೀಂ ಭಾಯ್."

"ಏರಸ್ತೀನಿ. ಆದ್ರ ಪಟ್ಟಿ ಮ್ಯಾಲ ಸಿಟ್ಟು ಯಾಕ? ಅವತ್ತೇ ಹೇಳೀನಿ ನಿನಗ, ಪಟ್ಟಿ ಭಾರ ಹೊರ್ತದ, ಗಾಡಿ ನಿಲ್ಲಸಂಗಿಲ್ಲ. ಬ್ರೇಕ್ ಹಳೀದೇ ಅದ ಅಂತ."

ಹೇಳಿದ್ದು ನಿಜ. ಚೌಡೇಶ ಕೇಳಿಸಿಕೊಂಡದ್ದೂ ನಿಜ. ಎರಡೂ ಬದಿಗೆ ಎರಡೆರಡು ಹೆಚ್ಚಿನ ಪಟ್ಟಿ ಹಾಕಿಸಿ, ಹೊಸ ಉಕ್ಕಿನ ಹೊಳಪು ಕಾಣದಂತೆ ಅವುಗಳಿಗೆ ಸುಟ್ಟ ಆಯಿಲ್ ಬಳಿದು, ಮೇಲೆ ಮಣ್ಣು ಎರಚಿದ್ದನು. ಪೊಲೀಸರ ಕಣ್ಣು ತಪ್ಪಿಸಲಿಕ್ಕಲ್ಲ, ಸಾಯಬಣ್ಣನ ಕಣ್ಣು ತಪ್ಪಿಸಲಿಕ್ಕೆ.

ಸಾಯಬಣ್ಣ ಶಹಾಬಾದಿನ ಗಣಿಗಳಲ್ಲಿ ಇಪ್ಪತ್ತು ವರ್ಷ ನೆಲಕ್ಕೆ ಹಾಸುವ ಫರ್ಸಿ ಕಲ್ಲು ಹೇರಿದವನು; ಈಗ ಚೌಡೇಶನ ಪಿಕಪ್ಪಿಗೆ ಕಲ್ಲು ಏರಿಸುತ್ತಿದ್ದ. ಅವನಿಗೆ ತೂಕದ ಕಾಟಾ ಬೇಕಿರಲಿಲ್ಲ. ಗಾಡಿ ತುಂಬುತ್ತ ಬಂದಂತೆ ಬಗ್ಗಿ, ಕಮಾನಿಗೂ ಅದರ ಮೇಲಿನ ರಬ್ಬರ್ ತುಂಡಿಗೂ ನಡುವೆ ಬೆರಳು ತೂರಿಸಿ ನೋಡುತ್ತಿದ್ದ. ಭಾರಕ್ಕೆ ಗಾಡಿ ಕುಸಿದು ನಾಲ್ಕು ಬೆರಳಿನಷ್ಟೇ ಜಾಗ ಉಳಿದರೆ "ಸಾಕು" ಎನ್ನುತ್ತಿದ್ದ. ಆಮೇಲೆ ಗಾಡಿಯ ಮಾಲಕನೇ ಕಾಲಿಗೆ ಬಿದ್ದರೂ ಒಂದು ಕಲ್ಲು ಏರುತ್ತಿರಲಿಲ್ಲ. ಚೌಡೇಶ ಸಾಗಿಸುವ ಒಂದೊಂದು ಖೇಪಿಗೆ ಹತ್ತು ಹದಿನೈದು ಕಲ್ಲು ಕಡಿಮೆ ಬೀಳುತ್ತಿದ್ದುದು ಆ ಒಂದು ಮಾತಿನಿಂದ. ಸಾಯಬಣ್ಣ ಬೀಗರ ಮದುವೆಗೆ ಹೋದ ಎರಡು ದಿನದಲ್ಲಿ, ಎಷ್ಟು ಹೇರಿದರೂ ಗಾಡಿ ಕುಸಿಯದಂತೆ, ಚೌಡೇಶ ಪಟ್ಟಿ ಹಾಕಿಸಿಬಿಟ್ಟ.

ಮುಂದಿನ ಖೇಪು ಚಂದಾಪುರದ ಅಂಗಡಿಯೊಂದಕ್ಕೆ. ಸಾಯಬಣ್ಣ ಬಗ್ಗಿ ಕೈ ತೂರಿಸಿದ. ಇಡೀ ಅಂಗೈ ಹೊಕ್ಕಿತು. "ಇನ್ನೂ ಭಾಳ ಜಾಗ ಅದ ಬಿಡು," ಎಂದು ತಾನೇ ಮತ್ತಷ್ಟು ಕಲ್ಲು ಏರಿಸಿದ. ಚೌಡೇಶ ಬಾಗಿಲಿಗೆ ಒರಗಿ ಮೊಬೈಲು ನೋಡುತ್ತಿದ್ದ. ಪರದೆಯ ಮೇಲೆ ಏನಿತ್ತೋ, ಒಂದಕ್ಷರವೂ ನೆನಪಿಲ್ಲ.

ಸೇಡಂ ದಾಟಿದ ಮೇಲೆ ಇಳಿಜಾರಿನಲ್ಲಿ ಎಮ್ಮೆ ಅಡ್ಡ ಬಂತು. ಬ್ರೇಕು ತುಳಿದರೂ ಗಾಡಿ ನಿಲ್ಲದೆ ತಗ್ಗಿಗೆ ಇಳಿದು ವಾಲಿತು. ಹಿಂದೆ ಹೇರಿನ ಮೇಲೆ ಕೂತಿದ್ದ ಸಾಯಬಣ್ಣನ ಬಲಪಾದದ ಮೇಲೆ ಕಲ್ಲುಗಳು ಸರಿದವು.

ಗ್ಯಾರೇಜಿನ ಕೆಲಸ ಮುಗಿಸಿ ಬಂದು, ವಾಡಿಯಲ್ಲಿ ಸಾಯಬಣ್ಣನ ಮನೆ ಮುಂದೆ ಖಾಲಿ ಪಿಕಪ್ ನಿಲ್ಲಿಸಿದಾಗ ಬಿಸಿಲು ಇಳಿಯುತ್ತಿತ್ತು. ಚೌಡೇಶ ಗೋಣಿಚೀಲದಲ್ಲಿ ಸುತ್ತಿದ ಒಂದು ಪಟ್ಟಿಯನ್ನು ಹೆಗಲಿಗೇರಿಸಿಕೊಂಡು ಒಳಗೆ ಹೋದ.

"ಬಾರಪ್ಪ, ಕುಂದ್ರು," ಎಂದಳು ಸಾಯಬಣ್ಣನ ಹೆಂಡತಿ ಮಹಾದೇವಮ್ಮ. "ನಿಮ್ಮ ಕಾಕಾ ಖುಷಿಯಾಗಿ ಹಾನ. ಮೂರು ಬಟ್ಟು ಹೋದ್ವು, ಉಗುರು ಕತ್ತರ್ಸೂದು ಕಮ್ಮಿ ಆತು ಅಂತಾನ."

ಮಂಚದ ಮೇಲೆ ಬ್ಯಾಂಡೇಜು ಸುತ್ತಿದ ಕಾಲು ಚಾಚಿದ್ದ ಸಾಯಬಣ್ಣ ನಗಲಿಲ್ಲ. "ಚೌಡ್ಯಾ, ನಿನ್ನ ಗಾಡಿ ನಾನೇ ಕೆಡಿಸಿದೆ. ವಯಸ್ಸಾತು ನೋಡು. ಕೈ ಸುಳ್ಳು ಹೇಳ್ತು. ಹಂಗ ಎಂದೂ ಆಗಿದ್ದಿಲ್ಲ." ತನ್ನ ಬಲಗೈಯನ್ನು ಅವನು ಬೇರೆ ಯಾರದೋ ಕೈ ಎಂಬಂತೆ ನೋಡಿಕೊಂಡ. "ರಾತ್ರಿಯೆಲ್ಲ ಅದೇ ವಿಚಾರ. ಆವತ್ತು ನಿನಗೇನರ ಆಗಿದ್ರ?"

ಈಗ ಸುಮ್ಮನಿದ್ದರೂ ನಡೆಯುತ್ತಿತ್ತು. ಯಾರಿಗೂ ತಿಳಿಯುತ್ತಿರಲಿಲ್ಲ. ಚೌಡೇಶ ಗೋಣಿ ಬಿಚ್ಚಿ ಪಟ್ಟಿಯನ್ನು ನೆಲಕ್ಕಿಟ್ಟ.

"ಕೈ ಸುಳ್ಳು ಹೇಳಿಲ್ಲ, ಕಾಕಾ. ಇಂಥವು ನಾಲ್ಕು ಹಾಕ್ಸಿದ್ದೆ. ಗಾಡಿ ಕುಸೀಬಾರ್ದು ಅಂತ. ನಿನಗ ಹೇಳಿದ್ದಿಲ್ಲ."

ಮಹಾದೇವಮ್ಮ ಕೈಯಲ್ಲಿದ್ದ ನೀರಿನ ತಂಬಿಗೆಯನ್ನು ಕೊಡದೆ ಹಾಗೆಯೇ ಕೆಳಗಿಟ್ಟಳು.

ಸಾಯಬಣ್ಣ ಬಗ್ಗಿ ಪಟ್ಟಿಯ ಬಾಗಿನ ಮೇಲೆ ಬೆರಳಾಡಿಸಿದ. ಬೆರಳಿಗೆ ಸುಟ್ಟ ಆಯಿಲ್ ಹತ್ತಿತು. "ನಾ ಕೈ ಹಾಕಿ ನೋಡಿದಾಗ ನೀ ಎಲ್ಲಿದ್ದಿ?"

"ಬಾಜೂಕ್ಕೇ."

"ಜಾಗ ಅದ ಅಂದಿದ್ದು ಕೇಳಿಸ್ತು?"

"ಕೇಳಿಸ್ತು."

ಚೌಡೇಶನಿಗೆ ತಡೆಯಲಾಗಲಿಲ್ಲ. "ಎಲ್ಲಾ ತಗದೀನಿ, ಕಾಕಾ. ಬ್ರೇಕ್ ಹೊಸಾದು ಹಾಕ್ಸೀನಿ. ಕಾಲು ಮಾದ ಮ್ಯಾಲ ಬಾ. ಒಂದು ಕಲ್ಲೂ ಎತ್ತಬ್ಯಾಡ, ಕ್ಯಾಬಿನ್‌ನಾಗ ನನ್ನ ಬಾಜೂ ಕುಂದ್ರು. ಪಗಾರ ಮೊದಲಿಂದೇ. ನೀ ಸಾಕು ಅಂದ್ರ ಸಾಕು."

ಸಾಯಬಣ್ಣ ಬೆರಳಿನ ಎಣ್ಣೆಯನ್ನು ಗೋಣಿಗೆ ಒರೆಸಿದ, ಒಂದೊಂದಾಗಿ, ನಾಲ್ಕೂ ಬೆರಳು.

"ನಾ ಬರಂಗಿಲ್ಲ," ಎಂದ.